ಎರಡು ಪ್ರತಿ, ಒಂದು ಸಾಕ್ಷಿ

ಓಲೆಗರಿಗಳಿಂದ ಹಳೆಯ ಕಾವ್ಯಗಳನ್ನು ಪರಿಷ್ಕರಿಸಿದವರಿಗೆ ಒಂದು ಸಂಕಟ ಚೆನ್ನಾಗಿ ಗೊತ್ತು. ಒಂದೇ ಕಾವ್ಯದ ಎರಡು ಪ್ರತಿಗಳು ದೊರೆತಿವೆ; ಒಂದು ಪದ್ಯದಲ್ಲಿ ಅವು ಬೇರೆ ಬೇರೆ ಮಾತನ್ನು ಹೇಳುತ್ತವೆ. ಎರಡರ ಬರಹವೂ ಅಚ್ಚುಕಟ್ಟಾಗಿದೆ. ಯಾವುದನ್ನು ನಂಬಬೇಕು? ಇದೇ ಸಂಕಟ ಗಣಕಯಂತ್ರದ ಡಿಸ್ಕುಗಳಿಗೂ ಉಂಟೆಂಬುದನ್ನು ನಾನು ಕಲಿತದ್ದು ನಷ್ಟ ಅನುಭವಿಸಿದ ಮೇಲೆ.

ಕನಕಪುರ, ಮಾಗಡಿ ಸೀಮೆಯ ಹಳ್ಳಿಗಳಲ್ಲಿ ಅಜ್ಜಿಯರ ಬಾಯಿಂದ ಕೇಳಿ ಬರೆದುಕೊಂಡಿದ್ದ ಬೀಸುವ ಪದಗಳನ್ನು ನಿವೃತ್ತಿಯ ನಂತರ ಗಣಕಯಂತ್ರಕ್ಕೆ ಏರಿಸಿದ್ದೆ. ಹಳೆಯ ಡಿಸ್ಕಿನಿಂದ ಅವನ್ನು ಎರಡು ಹೊಸ ಡಿಸ್ಕುಗಳಿಗೆ ಏಕಕಾಲಕ್ಕೆ ವರ್ಗಾಯಿಸಿ, ನಿಶ್ಚಿಂತೆಯಿಂದ ಹಳೆಯದನ್ನು ಅಳಿಸಿಬಿಟ್ಟೆ. ವರ್ಷದ ಬಳಿಕ ತೆರೆದು ನೋಡಿದರೆ ಅಲ್ಲಲ್ಲಿ ಅರ್ಥವಿಲ್ಲದ ಚಿಹ್ನೆಗಳು. ಎರಡು ಡಿಸ್ಕುಗಳಲ್ಲಿಯೂ ಅವೇ ತಪ್ಪುಗಳು. ಪರೀಕ್ಷಿಸಿದ ತರುಣ ಹೇಳಿದ: “ಡಿಸ್ಕಿನ ತಪ್ಪಲ್ಲ ಸಾರ್, ಮೆಮೊರಿ ಕೆಟ್ಟಿದೆ. ಕೆಟ್ಟದ್ದನ್ನೇ ಎರಡೂ ಕಡೆ ಬರೆದಿದೆ.” ನೋಟುಪುಸ್ತಕಗಳನ್ನು ಗೆದ್ದಲು ತಿಂದಿತ್ತು. ಹಾಡಿದವರು ಈಗಿಲ್ಲ.

ಹಲವು ಡಿಸ್ಕುಗಳನ್ನು ಕೂಡಿಸಿ ಒಂದೇ ಉಗ್ರಾಣದಂತೆ ತೋರಿಸುವ ವ್ಯವಸ್ಥೆಯುಂಟು. ಆ ಉಗ್ರಾಣಕ್ಕೆ ವಾಲ್ಯೂಮ್ ಎಂದು ಹೆಸರು. ಯಾವ ಮೂಟೆ ಯಾವ ಕೋಣೆಯಲ್ಲಿದೆ ಎಂಬ ಲೆಕ್ಕವಿಡುವ ತಂತ್ರಾಂಶವೇ ಅದರ ಉಗ್ರಾಣಿ. ಪ್ರತಿಯೊಂದು ಮಾಹಿತಿಯನ್ನೂ ಎರಡು ಡಿಸ್ಕುಗಳಲ್ಲಿ ಬರೆದಿಟ್ಟರೆ ಒಂದು ಸತ್ತರೂ ಇನ್ನೊಂದು ಉಳಿಯುತ್ತದೆ. ಆದರೆ ಈ ಏರ್ಪಾಟು ಕಾಯುವುದು ಡಿಸ್ಕಿನ ಸಾವಿನಿಂದ, ಸುಳ್ಳಿನಿಂದಲ್ಲ. ಮೆಮೊರಿ ಕೆಟ್ಟರೆ, ಕೇಬಲ್ ಸಡಿಲವಾದರೆ, ವಿದ್ಯುತ್ ಪೂರೈಕೆ ಏರುಪೇರಾದರೆ, ಮಾಹಿತಿ ದಾರಿಯಲ್ಲಿಯೇ ಬದಲಾಗಬಹುದು. ಎರಡು ಪ್ರತಿಗಳು ಭಿನ್ನವಾದಾಗ ಬರಿಯ ಜೋಡಿ ಡಿಸ್ಕಿನ ಉಗ್ರಾಣಿಗೆ ಸತ್ಯ ಯಾವುದೆಂದು ತಿಳಿಯದು. ಒಂದನ್ನು ನೋಡಿ ಇನ್ನೊಂದನ್ನು ತಿದ್ದಿಬಿಡುತ್ತಾನೆ. ಅಳಿಸಿಹೋದದ್ದು ಸರಿಯಾದ ಪಾಠವೇ ಇರಬಹುದು.

ಎಷ್ಟು ಸಣ್ಣ ಬದಲಾವಣೆ ಎಷ್ಟು ದೂರ ಒಯ್ಯುತ್ತದೆ ನೋಡಿ. ಗಣಕಯಂತ್ರ ಎಲ್ಲವನ್ನೂ ಸೊನ್ನೆ, ಒಂದುಗಳಾಗಿ ಬರೆಯುತ್ತದೆ; ಅದರ ಒಂದೊಂದು ಸ್ಥಾನವೂ ಒಂದು ಬಿಟ್. ಯೂನಿಕೋಡ್ ಸಂಕೇತದಲ್ಲಿ ನಮ್ಮ ‘ಸ’ಕಾರಕ್ಕೂ ‘ಹ’ಕಾರಕ್ಕೂ ಒಂದೇ ಬಿಟ್ಟಿನ ಅಂತರ. ಅದು ಮಗುಚಿದರೆ ‘ಸಾಲು’ ‘ಹಾಲು’ ಆಗುತ್ತದೆ, ‘ಸಾವು’ ‘ಹಾವು’ ಆಗುತ್ತದೆ. ಅರ್ಥವಿಲ್ಲದ ಚಿಹ್ನೆಯನ್ನಾದರೂ ಕಣ್ಣು ಹಿಡಿಯುತ್ತದೆ. ಅರ್ಥವುಳ್ಳ ತಪ್ಪನ್ನು ಹಿಡಿಯುವವರು ಯಾರು? ನನ್ನ ಸಂಗ್ರಹದ ಒಂದು ಪದದಲ್ಲಿ ‘ಹಾಲುಮರ’ ಎಂದಿದೆ. ಅಜ್ಜಿ ಹಾಗೆಯೇ ಹಾಡಿದ್ದಳೋ, ಯಂತ್ರ ತಿದ್ದಿತೋ, ಇಂದಿಗೂ ಹೇಳಲಾರೆ.

ಅಂಕಿಗಳ ಪಾಡೂ ಇದೇ. 1ಕ್ಕೂ 9ಕ್ಕೂ ನಡುವೆ ಒಂದೇ ಬಿಟ್. 2003ರ ಮೇ 18ರಂದು ಬೆಲ್ಜಿಯಂ ದೇಶದ ಸ್ಕಾರ್‌ಬೇಕ್‌ನಲ್ಲಿ ನಡೆದ ಮತದಾನದ ಎಣಿಕೆಯಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತಗಳು ಹೆಚ್ಚಾಗಿ ಬಂದವು. ಒಂದು ಬಿಟ್ ತಾನಾಗಿ ಮಗುಚಿತ್ತೆಂದು ತಜ್ಞರು ತೀರ್ಮಾನಿಸಿದರು. ನಮ್ಮಲ್ಲಿ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ತಂದಿತು. ರಾಮನಗರ, ಚನ್ನಪಟ್ಟಣದ ರೈತರ ಗುಂಟೆಗಳೂ ಇಂದು ಬಿಟ್ಟುಗಳಾಗಿಯೇ ಇವೆ. 1 ಗುಂಟೆ 9 ಆದರೆ ಅದು ಅಕ್ಷರದೋಷವಲ್ಲ, ಅಣ್ಣತಮ್ಮಂದಿರ ವ್ಯಾಜ್ಯ.

ಪರಿಹಾರದ ಬೀಜ ನಮ್ಮ ಛಂದಸ್ಸಿನಲ್ಲಿಯೇ ಇದೆ. ಕಂದಪದ್ಯಕ್ಕೆ 12, 20, 12, 20ರಂತೆ ಒಟ್ಟು 64 ಮಾತ್ರೆಗಳು. ನಾಲ್ಕು ಪಾದಗಳಲ್ಲಿಯೂ ಎರಡನೆಯ ಅಕ್ಷರಕ್ಕೆ ಒಂದೇ ವ್ಯಂಜನದ ಪ್ರಾಸ. ಲಿಪಿಕಾರ ಅಕ್ಷರ ಬಿಟ್ಟರೆ ಮಾತ್ರೆ ದೂರು ಹೇಳುತ್ತದೆ, ಪ್ರಾಸಾಕ್ಷರ ಕೆಡಿಸಿದರೆ ಪ್ರಾಸ ಹೇಳುತ್ತದೆ. ಆದರೆ ‘ಸಾಲು’ ‘ಹಾಲು’ ಆದರೆ ಎರಡೂ ಸುಮ್ಮನಿರುತ್ತವೆ. ಆದ್ದರಿಂದ ಪ್ರತಿಯೊಂದು ಬಿಟ್ಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಬಿಗಿಯಾದ ತಾಳೆಸಂಖ್ಯೆ ಬೇಕು. ಅದಕ್ಕೆ ಚೆಕ್‌ಸಮ್ ಎನ್ನುತ್ತಾರೆ. ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಸಂಕೇತವು ತಪ್ಪನ್ನು ಗುರುತಿಸುವುದಲ್ಲದೆ ತಿದ್ದುವ ಬಗೆಯನ್ನೂ ತೋರಿತು. ಆ ತತ್ತ್ವದ ಮೆಮೊರಿಯಲ್ಲಿ 64 ಬಿಟ್ಟುಗಳಿಗೆ 8 ಕಾವಲು ಬಿಟ್ಟುಗಳಿರುವುದು ವಾಡಿಕೆ. 2005ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಹೊರತಂದ ಝೆಡ್‌ಎಫ್‌ಎಸ್ ವ್ಯವಸ್ಥೆ, ತಾಳೆಸಂಖ್ಯೆಯನ್ನು ಮಾಹಿತಿಯಿಂದ ಬೇರೆಡೆ ಇರಿಸಿ, ಓದುವಾಗಲೆಲ್ಲ ಹೋಲಿಸಿ, ತಾಳೆಯಾದ ಪ್ರತಿಯಿಂದ ತಾಳೆಯಾಗದ್ದನ್ನು ತಿದ್ದುತ್ತದೆ.

ಆದರೂ ಒಂದು ಮಿತಿಯುಂಟು. ಮಾಹಿತಿ ಕೆಟ್ಟ ಮೇಲೆ ತಾಳೆಸಂಖ್ಯೆ ಹಾಕಿದರೆ ಅದು ಸುಳ್ಳಿಗೇ ಸಾಕ್ಷಿಯಾಗುತ್ತದೆ. ಬರಹ ಚೆನ್ನಾಗಿರುವಾಗಲೇ ಅದನ್ನು ಹಾಕಿಡಬೇಕು. ಹೊಸ ಪ್ರತಿಯನ್ನು ಮೂಲದೊಡನೆ ಹೋಲಿಸಿ ನೋಡುವವರೆಗೆ ಹಳೆಯದನ್ನು ಅಳಿಸಬಾರದು. ಆಗಾಗ ತೆರೆದು ತಾಳೆ ನೋಡುತ್ತಿರಬೇಕು. ಓಲೆಗರಿಯನ್ನು ವರ್ಷಕ್ಕೊಮ್ಮೆ ಬಿಚ್ಚಿ ಎಣ್ಣೆ ಸವರುತ್ತಿದ್ದ ಮನೆಗಳಲ್ಲಿ ಗ್ರಂಥ ಉಳಿಯಿತು. ಪೂಜೆಗೆಂದು ಕಟ್ಟಿಟ್ಟು ಮರೆತ ಮನೆಗಳಲ್ಲಿ ಉಳಿದದ್ದು ಕಟ್ಟು ಮಾತ್ರ.

(ಬಾನುಲಿ ಭಾಷಣ)