ಪಾರ್ಷ್ಣಿಗ್ರಾಹವಿಚಾರವೂ ವಾಗಣಗೇರಾ ಮುತ್ತಿಗೆಯೂ

ಕೌಟಿಲ್ಯನ ಮಂಡಲಪ್ರಕರಣದಲ್ಲಿ ಬರುವ ‘ಪಾರ್ಷ್ಣಿಗ್ರಾಹ’ ಶಬ್ದಕ್ಕೆ ‘ಹಿಂದಿನ ಶತ್ರು’ ಎಂದಷ್ಟೇ ಅರ್ಥ ಹೇಳುವುದು ಪಾಠಶಾಲೆಗಳ ವಾಡಿಕೆ. ಪಾರ್ಷ್ಣಿಯೆಂದರೆ ಹಿಮ್ಮಡಿ; ವಿಜಿಗೀಷುವು ಮುಂದಿನ ವೈರಿಯ ಮೇಲೆ ದಂಡೆತ್ತಿ ಹೋದಾಗ ಅವನ ಹಿಮ್ಮಡಿಯನ್ನು ಹಿಡಿಯತಕ್ಕವನೇ ಪಾರ್ಷ್ಣಿಗ್ರಾಹನು. ವ್ಯುತ್ಪತ್ತಿಯೇನೋ ಸರಿಯಾದುದೇ. ಆದರೆ ಇಮ್ಮುಖದ ಯುದ್ಧದಲ್ಲಿ ಸೇನೆ ಇಬ್ಭಾಗವಾಗುವುದೊಂದೇ ಹಾನಿಯೆಂಬ ಭ್ರಾಂತಿಗೆ ಇದು ಎಡೆಗೊಡುತ್ತದೆ. ಅರ್ಥಶಾಸ್ತ್ರದ ಒಂಬತ್ತನೆಯ ಅಧಿಕರಣದ ಅಭಿಪ್ರಾಯವು ಇದಕ್ಕಿಂತ ಸೂಕ್ಷ್ಮವಾದುದು. ಮುಂದೆ ದೊರೆಯುವ ದೊಡ್ಡ ಲಾಭಕ್ಕಿಂತ ಹಿಂದೆ ಏಳುವ ಅಲ್ಪವಾದ ಕೋಪವೇ ಗುರುತರ. ಅರಸನು ದೂರ ಸಾರಿದೊಡನೆ ದೂಷ್ಯರೂ ಅಮಿತ್ರರೂ ಆಟವಿಕರೂ ಅದನ್ನು ಬೆಳೆಸುವರು. ಕೋಪವೆಂದರೆ ಇಲ್ಲಿ ಸಿಟ್ಟಲ್ಲ, ದಂಗೆ.

ಆಟವಿಕರೆಂದರೆ ಕಾಡುಗುಡ್ಡಗಳ ನಾಯಕರು. ಇದಕ್ಕೆ ಕೃಷ್ಣಾ ಭೀಮಾ ನದಿಗಳ ನಡುವಣ ಬೇಡನಾಯಕರ ಸೀಮೆಗಿಂತ ಒಳ್ಳೆಯ ನಿದರ್ಶನ ಸಿಕ್ಕದು. ಔರಂಗಜೇಬನು ೧೬೮೬ರಲ್ಲಿ ಬಿಜಾಪುರವನ್ನೂ ೧೬೮೭ರಲ್ಲಿ ಗೋಲ್ಕೊಂಡವನ್ನೂ ಗೆದ್ದನು. ಅದೇ ೧೬೮೭ರ ಕೊನೆಯಲ್ಲಿ ಶಹಾಪುರದ ಬಳಿಯ ಸಗರವೂ ಪಾಮನಾಯಕನ ಕೈತಪ್ಪಿತು. ಆದರೂ ಪಿಡ್ಡನಾಯಕನು ವಾಗಣಗೇರಾದಲ್ಲಿ ಬಲಗೊಂಡನು. ಬಾದಶಹನು ಸಾತಾರೆ, ಪನ್ಹಾಳ, ತೋರಣ ಮೊದಲಾದ ಮರಾಠರ ದುರ್ಗಗಳನ್ನು ಒಂದೊಂದಾಗಿ ಮುತ್ತುತ್ತಿದ್ದ ವರ್ಷಗಳಲ್ಲಿ ಈ ಕಡೆಯ ಕೋಪವು ಬೆಳೆಯುತ್ತ ಬಂದಿತು.

೧೭೦೫ರ ಫೆಬ್ರವರಿಯಲ್ಲಿ ಎಂಬತ್ತಾರರ ಮುದುಕನಾದ ಬಾದಶಹನು ತಾನೇ ವಾಗಣಗೇರಾವನ್ನು ಮುತ್ತಿದನು. ಬೇಡರು ಗುರಿಕಾರಿಕೆಯಲ್ಲಿ ಹೆಸರಾದವರು. ಮೊಗಲರು ಹಿಡಿದ ಕೆಂಪುದಿಣ್ಣೆಯನ್ನು ಅವರು ಮರಳಿ ಕಿತ್ತುಕೊಂಡರು. ಮಾರ್ಚ್ ತಿಂಗಳ ಕೊನೆಗೆ ಧನಾಜಿ ಜಾಧವನೂ ಹಿಂದೂರಾಯನೂ ಕುದುರೆದಂಡಿನೊಡನೆ ಬಂದರು. ಮರಾಠ ಸರದಾರರ ಹೆಂಡಿರು ಮಕ್ಕಳು ಈ ಕೋಟೆಯಲ್ಲಿಯೇ ಆಶ್ರಯ ಪಡೆದಿದ್ದರು! ಒಂದು ತಂಡವು ಮೊಗಲರನ್ನು ಮುಂಗಡೆ ತಡೆದು ನಿಲ್ಲಿಸಲು, ಇನ್ನೊಂದು ಹಿಂಬದಿಯಿಂದ ಆ ಕುಟುಂಬಗಳನ್ನು ಸಾಗಿಸಿತು. ಎರಡು ರಣರಂಗಗಳೆಂದು ಎಣಿಸಿದವು ವಾಸ್ತವದಲ್ಲಿ ಒಂದೇ ಆಗಿದ್ದುವು; ಒಂದರ ಕುದುರೆಗೆ ಇನ್ನೊಂದರ ಕೋಟೆ ನೆಲೆಯಾಗಿತ್ತು.

ಇಂಥ ಸಂಕಟಕ್ಕೆ ಶಾಸ್ತ್ರವು ಹೇಳುವ ಪರಿಹಾರಗಳಲ್ಲಿ ದ್ವೈಧೀಭಾವವು ಒಂದು. ಮನುವಿನ ವ್ಯಾಖ್ಯಾನಕಾರರ ಜಾಡು ಹಿಡಿದು ಇದನ್ನು ಸೈನ್ಯವಿಭಾಗವೆಂದು ತಿಳಿಯಬಾರದು. ಕೌಟಿಲ್ಯನಲ್ಲಿ ಒಬ್ಬನೊಡನೆ ಸಂಧಿ, ಮತ್ತೊಬ್ಬನೊಡನೆ ವಿಗ್ರಹ ಎಂದರ್ಥ. ವಿಚಿತ್ರವೆಂದರೆ ಇದನ್ನು ನಡೆಯಿಸಿದವನು ಚಕ್ರವರ್ತಿಯಲ್ಲ, ಪಿಡ್ಡನಾಯಕನು. ಮರಾಠರ ನೆರವನ್ನು ಪಡೆಯುತ್ತಲೇ ಸಂಧಿಯ ಮಾತನ್ನೆತ್ತಿ ತನ್ನ ತಮ್ಮನನ್ನು ಮೊಗಲರ ಪಾಳೆಯಕ್ಕೆ ಕಳುಹಿಸಿ ಕಾಲ ಕಳೆದನು. ಮತ್ತೊಂದು ಉಪಾಯವು ಆಕ್ರಂದ, ಅರ್ಥಾತ್ ಪಾರ್ಷ್ಣಿಗ್ರಾಹನನ್ನು ಅವನ ಬೆನ್ನ ಹಿಂದಿನಿಂದ ತಡೆಯುವ ಮಿತ್ರ. ದಕ್ಷಿಣದಲ್ಲಿ ಹಾಗೆ ನಿಲ್ಲಬಹುದಾಗಿದ್ದ ಎರಡು ಸುಲ್ತಾನಿಗಳನ್ನು ಬಾದಶಹನು ಹದಿನೆಂಟು ವರ್ಷಗಳ ಹಿಂದೆಯೇ ತನ್ನ ಕೈಯಾರೆ ಅಳಿಸಿದ್ದನು. ಅವನ ಸೋಲಿನ ಬೀಜವು ವಾಗಣಗೇರಾದ ಇಳಿಜಾರಿನಲ್ಲಿಲ್ಲ, ಆ ಎರಡು ಗೆಲವುಗಳಲ್ಲಿದೆ.

ಸೋಲೆಂದುದಕ್ಕೆ ಆಕ್ಷೇಪ ಬರಬಹುದು, ಕೋಟೆಯೇನೋ ಬಿದ್ದಿತಲ್ಲವೆ? ಜುಲ್ಫಿಕಾರಖಾನನ ದಂಡು ಸೇರಿದ ಮೇಲೆ ಏಪ್ರಿಲ್ ತಿಂಗಳ ಕೊನೆಗೆ ಅದು ವಶವಾಯಿತು. ಆದರೆ ಒಳಗೆ ನಾಯಕನಿರಲಿಲ್ಲ. ಇರುಳಲ್ಲಿ ಮರಾಠರೊಡನೆ ಹೊರಟುಹೋಗಿದ್ದನು. ಸಮೀಪದ ದೇವಾಪುರದಲ್ಲಿ ಬಾದಶಹನು ಕಾಯಿಲೆ ಬಿದ್ದು ತಿಂಗಳುಗಟ್ಟಲೆ ನಿಂತನು; ಬಳಿಕ ಅಹಮದನಗರಕ್ಕೆ ತೆರಳಿ ೧೭೦೭ರಲ್ಲಿ ತೀರಿಕೊಂಡನು. ಅವನೇ ಮುಂದೆ ನಿಂತು ನಡೆಯಿಸಿದ ಮುತ್ತಿಗೆಗಳಲ್ಲಿ ಇದೇ ಕಡೆಯದು. ಬೇಡನಾಯಕರು ಸುರಪುರದಲ್ಲಿ ಹೊಸ ರಾಜಧಾನಿಯನ್ನು ಕಟ್ಟಿಕೊಂಡು ೧೮೫೮ರವರೆಗೆ ಆಳಿದರು.