ಎಚ್-ಇಂಡೆಕ್ಸ್ ಆರು ಅಂದರೆ ಎಷ್ಟು?

ಈಚೆಗೆ ನಮ್ಮ ಬಂಧುಗಳ ಮನೆಗೊಂದು ಗಂಡಿನ ಬಯೋಡೇಟಾ ಬಂತು. ಹುಡುಗ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಎತ್ತರ, ಗೋತ್ರ, ಸಂಬಳದ ಕೆಳಗೆ ‘ಎಚ್-ಇಂಡೆಕ್ಸ್: 6’ ಎಂದಿತ್ತು. ಸೋದರತ್ತೆ ಕನ್ನಡಕ ಏರಿಸಿಕೊಂಡು ಓದಿ, “ಆರು ಅಂದ್ರೆ ಚಿಂತೆಯಿಲ್ಲ ಬಿಡು, ಏಳು ದಾಟಿದ್ರೆ ಮಾತ್ರೆ ಶುರುಮಾಡ್ಬೇಕು” ಅಂದರು. ಅವರು ಅದನ್ನು ಶುಗರ್ ರಿಪೋರ್ಟ್ ಅಂದುಕೊಂಡಿದ್ದರು!

ಅದು ಉಲ್ಲೇಖಗಳ ಲೆಕ್ಕ. ಸಂಶೋಧಕರು ಪ್ರಬಂಧ ಬರೆದಾಗ, ಯಾರ್ಯಾರ ಕೆಲಸದ ಆಧಾರ ಪಡೆದೆವೆಂದು ಕೊನೆಯಲ್ಲಿ ಪಟ್ಟಿ ಕೊಡುತ್ತಾರೆ. ಅದರಲ್ಲಿ ನಿಮ್ಮ ಪೇಪರಿನ ಹೆಸರಿದ್ದರೆ ನಿಮಗೊಂದು ಸೈಟೇಷನ್, ಅಂದರೆ ಉಲ್ಲೇಖ, ಸಿಕ್ಕಿದಂತೆ. ಇಂಥ ಪಟ್ಟಿಗಳನ್ನೆಲ್ಲ ಸೇರಿಸಿ ದೊಡ್ಡ ಸೂಚಿಯೊಂದನ್ನು ಅಮೆರಿಕದ ಯೂಜಿನ್ ಗಾರ್ಫೀಲ್ಡ್ 1960ರ ದಶಕದಲ್ಲಿ ಹೊರತಂದರು. ಬೇಕಾದ ಪೇಪರ್ ಹುಡುಕಲು ಸುಲಭವಾಗಲಿ ಎಂಬುದು ಅದರ ಉದ್ದೇಶ. ಅದರಿಂದ ಜನರಿಗೆ ಅಂಕ ಹಾಕುವ ಚಾಳಿ ಆಮೇಲೆ ಅಂಟಿಕೊಂಡಿತು.

ಎಚ್-ಇಂಡೆಕ್ಸ್ ಬಂದದ್ದು 2005ರಲ್ಲಿ. ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಇದನ್ನು ಸೂಚಿಸಿದರು. ಲೆಕ್ಕ ಸುಲಭ, ಪೆನ್ನು ಹಿಡಿದು ಕೂತರೆ ಎರಡು ನಿಮಿಷದ ಕೆಲಸ. ಒಬ್ಬರದು ಒಂಬತ್ತು ಪೇಪರ್ ಇದೆ ಅನ್ನಿ. ಸಿಕ್ಕ ಉಲ್ಲೇಖಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಬರೆದುಕೊಳ್ಳಿ: 48, 21, 13, 9, 6, 6, 4, 1, 0. ಈಗ ಎಡದಿಂದ ಎಣಿಸುತ್ತ ಬನ್ನಿ. ಆರನೆಯ ಪೇಪರಿಗೆ ಆರು ಉಲ್ಲೇಖ ಇದೆ, ಸರಿ. ಏಳನೆಯದಕ್ಕೆ ಏಳಾದರೂ ಬೇಕು, ಇರುವುದು ನಾಲ್ಕೇ. ಅಲ್ಲಿಗೆ ನಿಲ್ಲಿಸಿ. ಎಚ್-ಇಂಡೆಕ್ಸ್ ಆರು.

ಇಲ್ಲೊಂದು ತಮಾಷೆ ನೋಡಿ. ಮೊದಲ ಪೇಪರಿನ 48 ನಾಳೆ 480 ಆದರೂ ಈ ಆರು ಕದಲುವುದಿಲ್ಲ. ಏಳಾಗಲು ಐದೇ ಉಲ್ಲೇಖ ಸಾಕು, ಆದರೆ ಅವು ಐದನೆಯದಕ್ಕೆ ಒಂದು, ಆರನೆಯದಕ್ಕೆ ಒಂದು, ಏಳನೆಯದಕ್ಕೆ ಮೂರು ಎಂದು ಸರಿಯಾಗಿ ಬೀಳಬೇಕು. ಒಂದೇ ಪೇಪರಿನಿಂದ ಮೆರೆಯುವವರಿಗಿಂತ ಬಿಡದೆ ದುಡಿಯುವವರಿಗೆ ಈ ಅಳತೆ ಒಲಿಯುತ್ತದೆ.

ಹಾಗಾದರೆ ಆರು ಒಳ್ಳೆಯದೋ ಕಡಿಮೆಯೋ? ವಿಷಯ ಮತ್ತು ವಯಸ್ಸು ಕೇಳದೆ ಹೇಳಲಾಗದು. ಜೀವವಿಜ್ಞಾನದ ಪೇಪರಿನ ಪಟ್ಟಿಗಳು ಉದ್ದ, ಗಣಿತದವು ಗಿಡ್ಡ. ಹಾಗಾಗಿ ಗಣಿತದವರ ಸಂಖ್ಯೆ ಸಾಮಾನ್ಯವಾಗಿ ಸಣ್ಣದು. ವಯಸ್ಸಾದಂತೆ ಸಂಖ್ಯೆ ತಾನಾಗಿ ಏರುತ್ತದೆ, ನಿವೃತ್ತರಾದ ಮೇಲೂ ಏರಬಹುದು.

ಉಲ್ಲೇಖ ಹೆಚ್ಚಿದ್ದರೆ ಕೆಲಸ ದೊಡ್ಡದೇ? ಜೀವರಸಾಯನ ವಿಜ್ಞಾನಿ ಆಲಿವರ್ ಲೌರಿ 1951ರಲ್ಲಿ ಪ್ರೋಟೀನ್ ಅಳೆಯುವ ವಿಧಾನವೊಂದನ್ನು ಬರೆದರು. ಅದಕ್ಕೆ ಮೂರು ಲಕ್ಷಕ್ಕೂ ಮಿಕ್ಕಿ ಉಲ್ಲೇಖ. ಅದು ಮಹಾ ಪೇಪರೇನಲ್ಲ ಎಂದು ಅವರೇ ಹೇಳಿಕೊಂಡಿದ್ದರು. ಪ್ರಯೋಗಾಲಯದಲ್ಲಿ ದಿನಾ ಬೇಕಾಗುವ ವಿಧಾನ, ಅಷ್ಟೇ. ಇದಕ್ಕೆ ಉಲ್ಟಾ ನಮ್ಮ ಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರ ಕಥೆ. ಅವರ 1945ರ ಪ್ರಬಂಧದಿಂದ ಬಂದ ‘ಕ್ರಾಮರ್-ರಾವ್’ ಮಿತಿಯನ್ನು ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಬಳಸುತ್ತಾರೆ, ಆದರೆ ಬಳಸುವವರೆಲ್ಲ ಮೂಲ ಪ್ರಬಂಧವನ್ನು ಉಲ್ಲೇಖಿಸುವುದಿಲ್ಲ. ಹೆಸರು ಪಠ್ಯಪುಸ್ತಕಕ್ಕೆ ಸೇರಿಹೋದ ಮೇಲೆ ಪಟ್ಟಿಯಲ್ಲಿ ಬರೆಯುವ ಗೊಡವೆ ಯಾರಿಗೆ? ಇನ್ನು ತಪ್ಪು ಪೇಪರನ್ನು ಖಂಡಿಸಲು ಹೆಸರಿಸಿದರೂ ಒಂದು ಉಲ್ಲೇಖವೇ, ತನ್ನನ್ನು ತಾನೇ ಹೆಸರಿಸಿಕೊಂಡರೂ ಒಂದೇ.

ಎಲ್ಲಿ ನೋಡುವುದು, ಖರ್ಚೆಷ್ಟು? ಗೂಗಲ್ ಸ್ಕಾಲರ್ ಪೂರ್ತಿ ಉಚಿತ. ಸಂಶೋಧಕರು ಅಲ್ಲಿ ಪ್ರೊಫೈಲ್ ತೆರೆದಿದ್ದರೆ ಬಲಗಡೆ ಒಟ್ಟು ಉಲ್ಲೇಖ, ಎಚ್-ಇಂಡೆಕ್ಸ್, ಐ10-ಇಂಡೆಕ್ಸ್ ಮೂರೂ ಇರುತ್ತವೆ. ಐ10 ಎಂದರೆ ಹತ್ತು ಅಥವಾ ಹೆಚ್ಚು ಉಲ್ಲೇಖ ಪಡೆದ ಪೇಪರುಗಳ ಎಣಿಕೆ. ಮೇಲಿನ ಉದಾಹರಣೆಯಲ್ಲಿ ಅದು ಮೂರು. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಎಂಬ ಉಲ್ಲೇಖ ಭಂಡಾರಗಳಿಗೆ ಸಂಸ್ಥೆಗಳು ಚಂದಾ ಕಟ್ಟುತ್ತವೆ, ನಿಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೇಳಿ. ಒಬ್ಬರದೇ ಸಂಖ್ಯೆ ಮೂರು ಕಡೆ ಮೂರು ಥರ ಇದ್ದರೆ ಗಾಬರಿ ಬೇಡ. ಗೂಗಲ್ ಸ್ಕಾಲರ್ ಥೀಸಿಸ್, ಪುಸ್ತಕಗಳಲ್ಲಿ ಬಂದ ಉಲ್ಲೇಖವನ್ನೂ ಎಣಿಸುವುದರಿಂದ ಅಲ್ಲಿ ಸಾಮಾನ್ಯವಾಗಿ ಜಾಸ್ತಿ. ಕನ್ನಡದಲ್ಲೇ ಬರೆಯುವ ಶಾಸನತಜ್ಞರನ್ನೋ ಜಾನಪದ ವಿದ್ವಾಂಸರನ್ನೋ ಇಲ್ಲಿ ಹುಡುಕಿ ಬೇಸರಪಡಬೇಡಿ. ಈ ಭಂಡಾರಗಳಿಗೆ ಕನ್ನಡದ ಪತ್ರಿಕೆಗಳು ಸೇರಿರುವುದೇ ಅಪರೂಪ. ಅವರನ್ನು ಈ ಕೋಲಿನಲ್ಲಿ ಅಳೆಯುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಅಂದು ಸೋದರತ್ತೆಯ ಎದುರೇ ಮೊಬೈಲಿನಲ್ಲಿ ಹುಡುಗನ ಹೆಸರು ಹುಡುಕಿದೆ. ರಸಾಯನಶಾಸ್ತ್ರದ ಪೇಪರುಗಳ ನಡುವೆ ದನಗಳ ಕಾಲುಬಾಯಿ ಜ್ವರದ ಎರಡು ಪೇಪರ್ ಕಂಡವು. “ದನದ ಡಾಕ್ಟರಾ ಹಾಗಾದ್ರೆ?” ಎಂದರು ಅವರು. ಅದೇ ಹೆಸರು, ಅದೇ ಇನಿಷಿಯಲ್ಲಿನ ಇನ್ನೊಬ್ಬರ ಪೇಪರುಗಳವು. ನಮ್ಮ ಹೆಸರುಗಳಲ್ಲಿ ಇದು ಮಾಮೂಲಿ ತೊಡಕು. ಇದಕ್ಕೆಂದೇ 2012ರಿಂದ ಆರ್ಕಿಡ್ ಎಂಬ 16 ಅಂಕಿಯ ಗುರುತಿನ ಸಂಖ್ಯೆ ಇದೆ. ಸಂಶೋಧಕರು ಆನ್‌ಲೈನಿನಲ್ಲಿ ತಾವೇ ಪಡೆಯಬಹುದು, ಹಣ ಕೊಡಬೇಕಿಲ್ಲ. ಪೇಪರ್ ಕಳಿಸುವಾಗಲೆಲ್ಲ ಆ ಸಂಖ್ಯೆ ನಮೂದಿಸಿದರೆ ದನದ ಪೇಪರ್ ದನದ ಡಾಕ್ಟರಿಗೇ ಹೋಗುತ್ತದೆ.