ಕಣಗಲ ಗಿಡದ ಹಸಿರು ಹುಳು: ಹೆದರಬೇಕಾದ್ದು ಹುಳಕ್ಕಲ್ಲ, ಗಿಡಕ್ಕೆ

ಸೊಲ್ಲಾಪುರ, ಅಕ್ಕಲಕೋಟ ಭಾಗದಲ್ಲಿ ಕಣಗಲ ಎಲ್ಲರಿಗೂ ಗೊತ್ತಿರುವ ಗಿಡ. ಮರಾಠಿಯಲ್ಲಿ ಕಣ್ಹೇರ. ನೀರು ಕಡಿಮೆ ಇದ್ದರೂ ಬದುಕುತ್ತದೆ, ಪೂಜೆಗೆ ಹೂವು ಕೊಡುತ್ತದೆ. ಈ ಗಿಡದ ಎಲೆಯನ್ನೇ ತಿಂದು ಬೆಳೆಯುವ ದಪ್ಪ ಹಸಿರು ಹುಳುವನ್ನು ಕಂಡರೆ ಅನೇಕರು ಹಾವಿನ ಮರಿಯೇನೋ ಎಂದು ಬೆಚ್ಚಿ ಹೊಡೆದು ಹಾಕುತ್ತಾರೆ.

ಇದು ಒಂದು ಪತಂಗದ ಮರಿ. ಇಂಗ್ಲಿಷಿನಲ್ಲಿ ಓಲಿಯಾಂಡರ್ ಹಾಕ್ ಮಾತ್ ಎನ್ನುತ್ತಾರೆ. 1758ರಲ್ಲಿ ಲಿನೇಯಸ್ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟ. ಆಫ್ರಿಕಾದಿಂದ ನಮ್ಮ ದೇಶದವರೆಗೂ ಇದರ ವಾಸ.

ಗುರುತಿಸುವುದು ಹೇಗೆ?

ಬೆಳೆದ ಹುಳು ಏಳೆಂಟು ಸೆಂಟಿಮೀಟರ್ ಉದ್ದ. ಮೈಮೇಲೆ ಕೂದಲಿಲ್ಲ. ತಲೆಯ ಹಿಂದೆ ಎರಡು ನೀಲಿ-ಬಿಳಿ ಚುಕ್ಕೆಗಳು ಕಣ್ಣಿನಂತೆ ಕಾಣುತ್ತವೆ. ಅವು ನಿಜವಾದ ಕಣ್ಣಲ್ಲ, ಹಕ್ಕಿಗಳನ್ನು ಹೆದರಿಸುವ ವೇಷ. ಬಾಲದ ತುದಿಯಲ್ಲಿ ಚಿಕ್ಕ ಕೊಂಬು ಇದೆ, ಅದು ಚುಚ್ಚುವುದಿಲ್ಲ. ಹುಳು ಕಚ್ಚುವುದೂ ಇಲ್ಲ, ಮುಟ್ಟಿದರೆ ತುರಿಕೆಯೂ ಇಲ್ಲ.

ನಂದಿಬಟ್ಟಲು (ತಗರ), ಸದಾಪುಷ್ಪ (ಸದಾಫುಲಿ) ಗಿಡಗಳಲ್ಲೂ ಇದು ಸಿಗುತ್ತದೆ. ಎರಡು-ಮೂರು ವಾರ ತಿಂದ ಮೇಲೆ ಕಂದು ಬಣ್ಣಕ್ಕೆ ತಿರುಗಿ, ನೆಲಕ್ಕಿಳಿದು, ತರಗೆಲೆಯ ನಡುವೆ ಕೋಶವಾಗುತ್ತದೆ. ಹೊರಬರುವ ಪತಂಗದ ರೆಕ್ಕೆ ಮಿಲಿಟರಿ ಬಟ್ಟೆಯಂತೆ ಹಸಿರು, ನಡುವೆ ನಸುಗೆಂಪು. ರೆಕ್ಕೆ ಬಿಚ್ಚಿದರೆ ಸುಮಾರು ಹತ್ತು ಸೆಂಟಿಮೀಟರ್ ಅಗಲ. ಮುಸ್ಸಂಜೆ ಹೂವಿನ ಮುಂದೆ ಗಾಳಿಯಲ್ಲೇ ನಿಂತು ಮಕರಂದ ಹೀರುತ್ತದೆ.

ವಿಷ ಎಲ್ಲಿದೆ?

ಕಣಗಲದ ಎಲೆ, ಹೂವು, ತೊಗಟೆ, ಬೇರು ಎಲ್ಲವೂ ವಿಷ. ಓಲಿಯಾಂಡ್ರಿನ್ ಎಂಬ ಅಂಶ ನೇರವಾಗಿ ಹೃದಯದ ಬಡಿತ ಕೆಡಿಸುತ್ತದೆ. ಹುಳು ಇದನ್ನು ತಿಂದು ಅರಗಿಸಿಕೊಳ್ಳುತ್ತದೆ, ದನಕರು ಮತ್ತು ಮನುಷ್ಯರಿಂದ ಆಗದು. ಹಳದಿ ಕಣಗಲವೂ ಇಷ್ಟೇ ಅಪಾಯ.

ಆದ್ದರಿಂದ ಕತ್ತರಿಸಿದ ಟೊಂಗೆಗಳನ್ನು ದನ, ಆಡುಗಳ ಮುಂದೆ ಎಸೆಯಬೇಡಿ. ಒಣಗಿದ ಎಲೆಯಲ್ಲೂ ವಿಷ ಉಳಿದಿರುತ್ತದೆ, ಮೇವಿನಲ್ಲಿ ಬೆರೆಯದಂತೆ ನೋಡಿಕೊಳ್ಳಿ. ಒಲೆಗೂ ಹಾಕಬೇಡಿ, ಹೊಗೆಯೂ ಕೆಟ್ಟದ್ದು. ಮಕ್ಕಳು ಎಲೆ ಅಥವಾ ಹೂವು ಅಗಿದಿದ್ದರೆ ತಡಮಾಡದೆ ದವಾಖಾನೆಗೆ ಕರೆದೊಯ್ಯಿರಿ. ದನ ತಿಂದಿದ್ದರೆ ಪಶುವೈದ್ಯರನ್ನು ಕರೆಸಿ.

ಔಷಧಿ ಹೊಡೆಯಬೇಕೇ?

ಬೇಡ. ಎಲೆ ಬೋಳಾದರೂ ಬೆಳೆದ ಗಿಡ ಮತ್ತೆ ಚಿಗುರುತ್ತದೆ. ಗಿಡ ಚಿಕ್ಕದಿದ್ದರೆ ಹುಳುವನ್ನು ಕೈಯಿಂದ ತೆಗೆದು ದೊಡ್ಡ ಗಿಡಕ್ಕೆ ಬಿಡಿ, ನಂತರ ಕೈ ತೊಳೆದುಕೊಳ್ಳಿ. ದೇವರಿಗೆ ಏರಿಸುವ ಹೂವಿನ ಮೇಲೆ ಕೀಟನಾಶಕ ಏಕೆ ಬೇಕು?